ಎಷ್ಟು ಸಲ ನಿಲ್ಲಿಸಿದೆ? – ನಾಲ್ಕು ತಿಂಗಳ ಸಿನಿಮಾ ಲೆಕ್ಕ

2025ರ ಜುಲೈನಿಂದ ಇನ್ನೂರು ಪುಟದ ನೋಟ್‌ಬುಕ್ಕೊಂದರಲ್ಲಿ ಸಿನಿಮಾ ಲೆಕ್ಕ ಬರೆಯುತ್ತಿದ್ದೇನೆ. ವಾರಕ್ಕೊಂದು ಕನ್ನಡ ಚಿತ್ರ ಮನೆಯಲ್ಲಿ, ಮನಸ್ಸು ಬಂದಾಗ ಚಿತ್ರಮಂದಿರದಲ್ಲಿ. ಅಂಕ ಕೊಡುವ ಗೋಜಿಗೆ ಹೋಗಿಲ್ಲ. ಐದಕ್ಕೆ ಮೂರೂವರೆ ಎಂದು ಬರೆದಿಟ್ಟರೆ ಮರುವಾರ ನನಗೇ ಅದರ ಅರ್ಥ ಹೊಳೆಯುವುದಿಲ್ಲ. ಅದರ ಬದಲು ಒಂದು ಕಲಂ ಎಳೆದುಕೊಂಡಿದ್ದೇನೆ: ನೋಡುವಾಗ ಎಷ್ಟು ಸಲ ನಿಲ್ಲಿಸಿದೆ. ಕಡಿಮೆ ಸಲ ನಿಲ್ಲಿಸಿದ ಸಿನಿಮಾ ಒಳ್ಳೆಯದು ಎಂಬುದು ನನ್ನ ಎಣಿಕೆ. ಮೊದಲ ವಾರವೇ ಅದಕ್ಕೆ ಪೆಟ್ಟು ಬಿತ್ತು.

ಜುಲೈ, ಮೊದಲ ವಾರ. ಸಂಸ್ಕಾರ (1970). ಮನೆ. ಅಮ್ಮನ ಜೊತೆ. ನಿಲ್ಲಿಸಿದ್ದು 7 ಸಲ.

ಮೊಬೈಲನ್ನು ಅಡುಗೆಮನೆಯ ಡಬ್ಬಗಳ ಹಿಂದೆ ಇಟ್ಟು ಬಂದಿದ್ದೆ. ಹಾಗಾಗಿ ಈ ಏಳರಲ್ಲಿ ಅದರ ಪಾಲಿಲ್ಲ. ಎರಡು ಸಲ ಕುಕ್ಕರ್, ಒಂದು ಸಲ ಬಾಗಿಲಿಗೆ ಬಂದ ಪಾರ್ಸೆಲ್, ಉಳಿದ ನಾಲ್ಕೂ ಅಮ್ಮ. ಆಚಾರ ಬಿಟ್ಟಿದ್ದ ನಾರಣಪ್ಪನ ಹೆಣ ಎತ್ತುವವರಿಲ್ಲದೆ ಅಗ್ರಹಾರ ಉಪವಾಸ ಕೂತ ಭಾಗ ಬಂದಾಗ ಅಮ್ಮ ಕೈ ಎತ್ತಿ ನಿಲ್ಲಿಸಿದರು. ಅವರ ಅಜ್ಜನ ಕೇರಿಯಲ್ಲಿ ಒಮ್ಮೆ ಮುಂಬಯಿಯಿಂದ ಮಗ ಬರಲಿ ಎಂದು ಹೆಣವನ್ನು ಒಂದೂವರೆ ದಿನ ಇಟ್ಟುಕೊಂಡಿದ್ದರಂತೆ. ಹೆಣ ಹೋಗುವ ತನಕ ಕೇರಿಯಲ್ಲಿ ಒಲೆ ಹೊತ್ತಿಸುವಂತಿಲ್ಲ. ಹಿತ್ತಿಲ ಬೇಲಿ ದಾಟಿ ಪಕ್ಕದ ಕೇರಿಗೆ ಹೋಗಿ ಅವಲಕ್ಕಿ ತಿಂದು, ಬಾಯಿ ಒರೆಸಿಕೊಂಡು ಬಂದು, ಮತ್ತೆ ಹಸಿದವರಂತೆ ಕೂತ ಕಥೆಯನ್ನು ಅಮ್ಮ ಐವತ್ತು ವರ್ಷಗಳ ನಂತರವೂ ತಗ್ಗಿದ ದನಿಯಲ್ಲೇ ಹೇಳಿದರು. ನನಗೆ ಅಲ್ಲಿಯವರೆಗೆ ಆ ಉಪವಾಸ ಒಂದು ಸಂಕೇತವಾಗಿ ಕಂಡಿತ್ತು. ಅದು ನಿಜವಾದ ಹೊಟ್ಟೆಯ ಹಸಿವು ಎಂದು ಹೊಳೆದದ್ದು ಆ ಅವಲಕ್ಕಿಯಿಂದ.

ಚಿತ್ರದ ಬಗ್ಗೆ: ಗಿರೀಶ್ ಕಾರ್ನಾಡರ ಪ್ರಾಣೇಶಾಚಾರ್ಯರಿಗಿಂತ ನಾರಣಪ್ಪನಾಗಿ ಪಿ. ಲಂಕೇಶರು ಕಣ್ಣಲ್ಲಿ ಉಳಿದರು. ಸಿಗುವ ಹೊತ್ತು ಕಡಿಮೆ, ಆದರೂ ಇಡೀ ಅಗ್ರಹಾರದಲ್ಲಿ ಬದುಕಿದ್ದವನು ಅವನೊಬ್ಬನೇ ಅನ್ನಿಸುತ್ತದೆ. ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಊರಿನವರಿಗೆ ರೂಢಿಯಾಗಿ ಕಾಣದೇ ಹೋಗುವ ಜಗಲಿ, ಕಂಬ, ಒದ್ದೆ ಪಂಚೆ ಅವರಿಗೆ ಕಂಡಿವೆ. ನನಗೆ ಸಿಕ್ಕ ಪ್ರತಿ ಮಸುಕಾಗಿದ್ದರೂ ಅಷ್ಟು ಗೊತ್ತಾಗುತ್ತದೆ.

ಆಗಸ್ಟ್, ಮೊದಲ ವಾರ. ಸು ಫ್ರಮ್ ಸೋ. ಚಿತ್ರಮಂದಿರ.

ಜುಲೈ 25ರಂದು ತೆರೆಕಂಡ ಈ ಚಿತ್ರಕ್ಕೆ ಎರಡು ಸಲ ಹೋಗಿ ಟಿಕೆಟ್ ಸಿಗದೆ ವಾಪಸ್ ಬಂದೆ. ದೊಡ್ಡ ತಾರೆಯಿಲ್ಲದ ಕನ್ನಡ ಚಿತ್ರಕ್ಕೆ ಹಾಗೆ ವಾಪಸ್ ಬಂದ ನೆನಪು ನನಗಿಲ್ಲ. ಸಿಟ್ಟು ಬರುವ ಬದಲು ಖುಷಿಯಾಯಿತು. ಜೆ.ಪಿ. ತುಮಿನಾಡು ನಿರ್ದೇಶಿಸಿ, ಅಶೋಕನಾಗಿ ತಾವೇ ನಟಿಸಿದ್ದಾರೆ. ಮಾನ ಉಳಿಸಿಕೊಳ್ಳಲು ಮೈಮೇಲೆ ದೆವ್ವ ಬಂದಂತೆ ನಟಿಸಿದವನ ಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಎಂದು ಊರೇ ನಂಬಿಬಿಡುತ್ತದೆ. ನನ್ನ ಹಿಂದಿನ ಸಾಲಿನಲ್ಲಿ ಮಂಗಳೂರು ಕಡೆಯ ನಾಲ್ವರು ಉಳಿದವರಿಗಿಂತ ಅರ್ಧ ಕ್ಷಣ ಮೊದಲೇ ನಗುತ್ತಿದ್ದರು. ಚಿತ್ರದ ರವಿಯಣ್ಣ ಎಂಬ ಪಾತ್ರದ ಮಾತುಗಳಲ್ಲಿ ಮೂರರಲ್ಲಿ ಒಂದು ನಗೆಯಲ್ಲೇ ಮುಳುಗಿ ಹೋಯಿತು.

ಸೆಪ್ಟೆಂಬರ್. ಅದೇ ಚಿತ್ರ, ಮನೆ. ನಿಲ್ಲಿಸಿದ್ದು 4 ಸಲ.

ಮುಳುಗಿದ ಮಾತುಗಳನ್ನು ಹೆಕ್ಕಲೆಂದೇ ಮತ್ತೆ ನೋಡಿದೆ. ಎಲ್ಲವೂ ಸ್ಪಷ್ಟವಾಗಿ ಕೇಳಿಸಿದವು. ನಾನು ನಕ್ಕದ್ದು ಮಾತ್ರ ಕಡಿಮೆ. ಒಬ್ಬೊಬ್ಬರೇ ಕೂತು ನಗುವುದು ಒಬ್ಬರೇ ಕೂತು ಊಟದ ಪಂಕ್ತಿ ಮಾಡಿದ ಹಾಗೆ. ಆದರೆ ಚಿತ್ರಮಂದಿರದಲ್ಲಿ ಸಪ್ಪೆಯೆನಿಸಿದ್ದ ಕೊನೆಯ ಭಾಗ, ಸುಲೋಚನಾಳ ಮಗಳ ಪಾಡು, ಮನೆಯಲ್ಲಿ ಭಾರವಾಗಿ ಬಂತು. ಅಂದು ಸಭಾಂಗಣವಿಡೀ ಇನ್ನೊಂದು ನಗೆಗಾಗಿ ಕಾಯುತ್ತಿತ್ತು, ನಾನೂ ಅದರಲ್ಲೊಬ್ಬ. ಆಗಸ್ಟ್‌ನ ಪುಟದಲ್ಲಿ ಬರೆದಿದ್ದ ‘ಎರಡನೇ ಅರ್ಧ ಸಡಿಲ’ ಎಂಬ ಸಾಲನ್ನು ಹೊಡೆದುಹಾಕಿದ್ದೇನೆ.

ಸೆಪ್ಟೆಂಬರ್, ಕೊನೆಯ ವಾರ. ಘಟಶ್ರಾದ್ಧ (1977). ಮನೆ. ನಿಲ್ಲಿಸಿದ್ದು 0.

ನಿರ್ದೇಶಕ ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ, ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಪಡೆದದ್ದು. ಕಳೆದ ವರ್ಷ ಪುನರುಜ್ಜೀವನಗೊಂಡ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡ ಸುದ್ದಿ ಓದಿದಾಗಿನಿಂದ ಪಟ್ಟಿಯಲ್ಲಿತ್ತು. ನಾನು ನೋಡಿದ್ದು ಹಳೆಯದನ್ನೇ. ವೇದಪಾಠಶಾಲೆಯ ಹುಡುಗ ನಾಣಿಯ ಕಣ್ಣಿಗೆ ಎಷ್ಟು ಬೀಳುತ್ತದೋ ನಮಗೂ ಹೆಚ್ಚುಕಡಿಮೆ ಅಷ್ಟೇ. ಗುರುಗಳ ವಿಧವೆ ಮಗಳು ಯಮುನಕ್ಕನಿಗೆ ಏನಾಗಿದೆ ಎಂದು ಅವನಿಗೆ ತಿಳಿಯದು, ನಮಗೆ ತಿಳಿದಿದೆ, ಆದರೂ ಅವನಷ್ಟೇ ಕೈಲಾಗದವರು ನಾವು. ಅಮ್ಮ ಒಂದು ಮಾತೂ ಆಡಲಿಲ್ಲ. ಮುಗಿದ ಮೇಲೆ ಎದ್ದು ಹೋಗಿ ಹಾಲಿಗೆ ಹೆಪ್ಪು ಹಾಕಿದರು.

ಅಕ್ಟೋಬರ್. ಕಾಂತಾರ: ಅಧ್ಯಾಯ 1. ಚಿತ್ರಮಂದಿರ.

ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿದ ಸರ್ಕಾರದ ಆದೇಶಕ್ಕೆ ಸೆಪ್ಟೆಂಬರ್‌ನಲ್ಲೇ ಹೈಕೋರ್ಟ್ ತಡೆ ಕೊಟ್ಟಿತ್ತು. ಹಾಗಾಗಿ ಮೂವರಿಗೆ ಆದ ಖರ್ಚನ್ನು ಇಲ್ಲಿ ಬರೆಯುವುದಿಲ್ಲ, ಅಮ್ಮ ಓದಿಯಾರು. ತೇರು ಹತೋಟಿ ತಪ್ಪಿ ಓಡುವ ದೃಶ್ಯಕ್ಕೆ ಕೊಟ್ಟ ಹಣ ಸಂದಿತು, ಅದನ್ನು ಟಿ.ವಿ.ಯಲ್ಲಿ ನೋಡಿದರೆ ಜಾತ್ರೆಯನ್ನು ಕಿಟಕಿಯಿಂದ ನೋಡಿದಂತೆ. ಆದರೆ ಸಭಾಂಗಣದ ಧ್ವನಿಯನ್ನು ಯಾರೋ ಜಿದ್ದಿಗೆ ಬಿದ್ದು ಏರಿಸಿದ್ದರು, ಮಾತುಗಳು ಸಂಗೀತದಡಿ ನಜ್ಜುಗುಜ್ಜಾದವು. ಮೊದಲ ಕಾಂತಾರದಲ್ಲಿ ಕಂಬಳದ ಗದ್ದೆ, ಊರ ಜಗಳ, ಅರಣ್ಯ ಇಲಾಖೆಯ ಜೀಪು ಎಲ್ಲವೂ ಕೈಗೆಟುಕುವಷ್ಟು ಹತ್ತಿರವಿದ್ದವು. ಇಲ್ಲಿ ಅರಮನೆ ಬಂದು ಅವು ದೂರವಾದವು. ನನ್ನ ತಮ್ಮ ಇದನ್ನು ಒಪ್ಪುವುದಿಲ್ಲ; ಮನೆ ತಲುಪುವ ತನಕ ವಾದ ಮಾಡಿದ.

ಕಾಂತಾರದಲ್ಲಿ ನಟಿ ರುಕ್ಮಿಣಿ ವಸಂತ್ ಅವರನ್ನು ಕಂಡ ನೆಪದಲ್ಲಿ ಅವರೇ ನಟಿಸಿದ ‘ಸಪ್ತ ಸಾಗರದಾಚೆ ಎಲ್ಲೋ’ದ ಎರಡನೆಯ ಭಾಗ ಹಾಕಿದೆ. ಮೂರು ಸಂಜೆ, 11 ಸಲ ನಿಲುಗಡೆ, ಇನ್ನೂ ಮುಗಿದಿಲ್ಲ. ದುಃಖವನ್ನು ಅಷ್ಟು ಅಂದವಾಗಿ ತೋರಿಸಿದರೆ ನನಗೆ ದುಃಖದ ಮೇಲೇ ಅನುಮಾನ ಬರುತ್ತದೆ. ಮೊದಲ ಭಾಗಕ್ಕೆ ಅತ್ತಿದ್ದೆ ಎಂಬುದನ್ನೂ ಬರೆದಿಡಬೇಕು.

ಈಗ ನೋಟ್‌ಬುಕ್‌ನಲ್ಲಿ ಆ ಕಲಮನ್ನು ಎರಡಾಗಿ ಸೀಳಿದ್ದೇನೆ: ಬೇಸರಕ್ಕೆ ನಿಲ್ಲಿಸಿದ್ದು, ಮಾತಿಗೆ ನಿಲ್ಲಿಸಿದ್ದು. ಕುಕ್ಕರ್‌ಗೆ ಲೆಕ್ಕವಿಲ್ಲ. ನವೆಂಬರ್‌ಗೆ, ಪಿಂಚಣಿಗಾಗಿ ಅಲೆಯುವವನ ಚಿತ್ರ ‘ತಬರನ ಕಥೆ’ ಎಂದು ಅಮ್ಮನೇ ಆರಿಸಿದ್ದಾರೆ. ಪಿಂಚಣಿ ಕಚೇರಿಗೆ ಅಪ್ಪ ಅಲೆದ ದಿನಗಳನ್ನು ಹೇಳಬೇಕಂತೆ, ಅದಕ್ಕಾಗಿ ಭಾನುವಾರ ಇಡೀ ಮಧ್ಯಾಹ್ನ ಬಿಡುವು ಇಟ್ಟುಕೊಳ್ಳಲು ಹೇಳಿದ್ದಾರೆ.