ಮೇನೊಂಗ್‌ನ ಬ್ಯಾರನ್: ಮಾದರಿ ಎಲ್ಲಿವರೆಗೆ ಬಂತು

1ನೇ ವಾರ

ಕೆಲಸದ ಮೇಲೆ ತೈವಾನ್‌ಗೆ ಬಂದು ಎರಡು ವರ್ಷ ಆಯಿತು. ಇರೋದು ಕಾವೋಸಿಯುಂಗ್‌ನಲ್ಲಿ. ಒಂದು ಶನಿವಾರ ಸುಮ್ನೆ ಬಸ್ ಹತ್ತಿ ಮೇನೊಂಗ್‌ಗೆ ಹೋದೆ. ಅದು ಚೀನಾ ಮೂಲದ ಹಕ್ಕಾ ಜನರ ಊರು, 1736ರಲ್ಲಿ ಬಂದು ನೆಲೆ ನಿಂತವರು. ಹೋದವರೆಲ್ಲ ಅಲ್ಲಿನ ಎಣ್ಣೆಕಾಗದದ ಕೊಡೆ ನೋಡಿಕೊಂಡು ಬರುತ್ತಾರೆ. ನಾನು ಮಾತ್ರ ಗದ್ದೆ ಪಕ್ಕದ ಒಂದು ಹಳೇ ಕಟ್ಟಡದ ಮುಂದೆ ನಿಂತುಬಿಟ್ಟೆ. ಹೆಂಚಿನ ಮಾಡಿನ ನೆತ್ತಿಯ ಮೇಲೆ ಇನ್ನೊಂದು ಪುಟ್ಟ ಮಾಡು. ಪಿರಿಯಾಪಟ್ಟಣದ ಕಡೆ ಹುಟ್ಟಿದವನಿಗೆ ಅದೇನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಹೊಗೆಸೊಪ್ಪಿನ ಬ್ಯಾರನ್! ಅಂದರೆ ಸೊಪ್ಪಿಗೆ ಕಾವು ಕೊಟ್ಟು ಒಣಗಿಸೋ ಮನೆ.

ಜಪಾನಿಯರ ಆಳ್ವಿಕೆಯಲ್ಲಿ ಇಲ್ಲಿಗೆ ಬಂದ ಬೆಳೆ ಇದು. ವರ್ಷಕ್ಕೆ ಎರಡು ಸಲ ಭತ್ತ, ಚಳಿಗಾಲಕ್ಕೆ ಹೊಗೆಸೊಪ್ಪು. ಒಂದು ಕಾಲಕ್ಕೆ ಈ ಊರೊಂದರಲ್ಲೇ ಸಾವಿರಕ್ಕೂ ಹೆಚ್ಚು ಬ್ಯಾರನ್ ಇದ್ದವು. 2017ಕ್ಕೆ ಗುತ್ತಿಗೆ ಖರೀದಿ ನಿಂತುಹೋಯಿತು. ಉಳಿದ ಕಟ್ಟಡಗಳಲ್ಲಿ ಕೆಲವು ಬೀಳುವ ಹಾಗಿವೆ. ಮನೆಗೆ ಬಂದವನೇ ಒಂದರ ಮಾದರಿ ಮಾಡೋಣ ಅಂತ ರಟ್ಟು ತೆಗೆದು ಕೂತೆ.

3ನೇ ವಾರ

ಗೋಡೆಗೆ ರಟ್ಟು ಚೆನ್ನಾಗಿ ಕಾಣಲಿಲ್ಲ. ಅಸಲಿ ಗೋಡೆ ಮಣ್ಣಿನ ಹಸಿ ಇಟ್ಟಿಗೆಯದು. ಸರಿ, ನಾನೂ ಬೆರಳಿನ ಉಗುರಿನಷ್ಟು ಇಟ್ಟಿಗೆ ಮಾಡಿದೆ. ಮೊದಲ ಇನ್ನೂರು ಒಣಗುವಾಗ ಸೀಳಿದವು. ಎರಡನೇ ಸಲ ಒಣಹುಲ್ಲನ್ನು ಕತ್ತರಿಯಲ್ಲಿ ಪುಡಿಪುಡಿ ಮಾಡಿ ಮಣ್ಣಿಗೆ ಕಲಸಿದೆ. ಒಂದೂ ಬಿರುಕು ಬಿಡಲಿಲ್ಲ. ಊರಲ್ಲಿ ಗೋಡೆಗೆ ಮಣ್ಣು ತುಳಿಯುವಾಗ ಹುಲ್ಲು ಹಾಕೋದನ್ನು ನೋಡಿಯೂ ಮರೆತಿದ್ದೆನಲ್ಲ.

6ನೇ ವಾರ

ಮಾಡು ಮುಗಿಯಿತು ಅಂತ ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ತಕ್ಷಣ ಫೋನ್ ಬಂತು.

“ಮೇಲಿನ ಕಿಂಡಿ ಎಲ್ಲಿ ಮಗ?”

“ಇದೆಯಲ್ಲಪ್ಪ, ನೆತ್ತಿ ಮೇಲೆ.”

“ಅಂಟಿಸಿಬಿಟ್ಟಿದ್ದೀಯ. ಸೊಪ್ಪಿನ ನೀರು ಎಲ್ಲಿಂದ ಹೋಗ್ಬೇಕು? ಕಪ್ಪಾಗಿ ಕೂರುತ್ತೆ ಅಷ್ಟೇ.”

ಅಪ್ಪ ಹೇಳಿದ್ದು ಸರಿ. ಶುರುವಿನಲ್ಲಿ ಕಿಂಡಿ ಮುಚ್ಚಿಟ್ಟು ಸಣ್ಣ ಕಾವಿನಲ್ಲಿ ಎಲೆ ಹಳದಿ ಮಾಡಬೇಕು. ಆಮೇಲೆ ಕಿಂಡಿ ತೆಗೆದು ತೇವ ಬಿಡಬೇಕು. ಕೊನೆಗೆ ಕಾವು ಏರಿಸಿ ನಡುನರ ಒಣಗಿಸಬೇಕು. ಮುಚ್ಚಿ ತೆಗೆಯೋಕೆ ಬರದಿದ್ದರೆ ಆ ಪುಟ್ಟ ಮಾಡು ಬರೀ ಅಲಂಕಾರ. ಬ್ಲೇಡ್ ಹಾಕಿ ಎರಡೂ ಬದಿ ಬಿಡಿಸಿದೆ. ಐಸ್‌ಕ್ರೀಮ್ ಕಡ್ಡಿಯ ಬಾಗಿಲು, ಬಟ್ಟೆಪಟ್ಟಿಯ ಕೀಲು, ಕೆಳಗಿಂದ ಎಳೆಯೋಕೆ ಹೊಲಿಗೆ ದಾರ.

ಪರೀಕ್ಷೆಗೆ ಒಳಗೆ ಊದುಬತ್ತಿ ಇಟ್ಟೆ. (ಅಸಲಿಯಲ್ಲಿ ಹೊಗೆ ಒಳಗೆ ಬಿಡೋದಿಲ್ಲ, ಕೊಳವೆಯಲ್ಲೇ ಸಾಗಿ ಆಚೆ ಹೋಗುತ್ತೆ. ಎಲೆಗೆ ತಾಗೋದು ಬರೀ ಶಾಖ.) ದಾರ ಬಿಟ್ಟಾಗ ಹೊಗೆ ಒಳಗೇ ಮಡುಗಟ್ಟಿತು. ಎಳೆದ ತಕ್ಷಣ ನೆತ್ತಿಯಿಂದ ನೆಟ್ಟಗೆ ಎದ್ದಿತು. ಹತ್ತು ಸಲ ಎಳೆದು ಬಿಟ್ಟಿರಬೇಕು, ಚಿಕ್ಕ ಮಕ್ಕಳ ಹಾಗೆ.

8ನೇ ವಾರ

ಮಾದರಿಯ ಅಂಗಳದ ಮೂಲೆಗೆ ಒಂದು ‘ಬಾಕ್‌ಗುಂಗ್’ ಇಟ್ಟೆ. ಅದು ಭೂಮಿ ಕಾಯುವ ದೇವರು. ಹಕ್ಕಾ ಮಾತಿನಲ್ಲಿ ಆ ಹೆಸರಿಗೆ ಅಜ್ಜನ ಅಣ್ಣ ಅಂತ ಅರ್ಥ. ದೇವರನ್ನು ದೊಡ್ಡ ತಾತ ಅಂತ ಕರೆಯೋದು ನನಗಂತೂ ತುಂಬಾ ಹಿಡಿಸಿತು. ಮೇನೊಂಗ್‌ನ ಹಳೇ ಬಾಕ್‌ಗುಂಗ್‌ಗಳಿಗೆ ಗುಡಿ ಇರೋದಿಲ್ಲ. ಸಮಾಧಿ ಆಕಾರದ ಕಟ್ಟೆ, ಒಂದು ಕಲ್ಲು, ಹಿಂದೆ ಮರ. ಮರಕ್ಕೆ ಒಣ ತುಳಸಿ ಕಡ್ಡಿ ನೆಟ್ಟಿದ್ದೇನೆ.

9ನೇ ವಾರ

ಒಳಗೆ ತೂಗುಹಾಕೋಕೆ ಅರವತ್ತು ಬಿದಿರು ಕಡ್ಡಿ ಬೇಕು. ಒಂದೊಂದಕ್ಕೂ ಇಪ್ಪತ್ತು ಕಾಗದದ ಎಲೆ. ನಾಲ್ಕು ಕಡ್ಡಿ ಮುಗಿಸೋ ಹೊತ್ತಿಗೆ ಬೆನ್ನು ಹಿಡಿಯಿತು. ಈ ಕೆಲಸ ಒಂದು ಮನೆಯವರಿಂದ ಆಗೋದಲ್ಲ ಅಂತಲೇ ಇಲ್ಲಿನ ಹಕ್ಕಾ ರೈತರು ಆಳು ಬದಲಾಯಿಸಿಕೊಳ್ಳುತ್ತಿದ್ದರು. ಇವತ್ತು ನಿಮ್ಮ ಹೊಲ, ನಾಳೆ ನಮ್ಮದು. ನಮ್ಮ ಮುಯ್ಯಾಳೇ ಅಲ್ವಾ ಇದು?

ಆಫೀಸಿನ ಇಬ್ಬರು ಗೆಳೆಯರನ್ನು ಕರೆದೆ. ಸಂಜೆಯೊಳಗೆ ಮೂವತ್ತೊಂದು ಕಡ್ಡಿ ಆಯಿತು. ಬರೋ ಭಾನುವಾರ ಅವರಲ್ಲೊಬ್ಬ ಮನೆ ಬದಲಾಯಿಸುತ್ತಿದ್ದಾನೆ. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಫ್ರಿಜ್ ಹೊರೋ ಪಾಳಿ ನಂದು.