ಗ್ರಾಫಿನ ಖಾಲಿ ಜಾಗ: 17 ಏಪ್ರಿಲ್ 2026, ಶುಕ್ರವಾರ

ಚಿಕ್ಕಪ್ಪ ಊಟ ಮುಗಿಸಿ ನನ್ನ ಹಿಂದೆ ಬಂದು ನಿಂತಿದ್ದು ಗೊತ್ತೇ ಆಗಲಿಲ್ಲ. ಪರದೆ ಮೇಲೆ ಇಎಕ್ಸ್ ಹೈಡ್ರೆ ಅನ್ನೋ ಜೋಡಿ ನಕ್ಷತ್ರದ ಗ್ರಾಫ್ ಇತ್ತು. ಜಪಾನಿನ ಸುಜಾಕು ಉಪಗ್ರಹ ಹಿಡಿದ ಹಳೆಯ ಎಕ್ಸ್‌ರೇ ಡೇಟಾ. ಒಂದಷ್ಟು ಚುಕ್ಕಿ, ಆಮೇಲೆ ಖಾಲಿ, ಮತ್ತೆ ಚುಕ್ಕಿ, ಮತ್ತೆ ಖಾಲಿ.

"ಇಲ್ಲೇನು, ಕರೆಂಟ್ ಹೋಗಿತ್ತಾ?" ಅಂದರು. ಆಯುಷ್ಯವೆಲ್ಲ ಲೈನ್‌ಮನ್ ಆಗಿದ್ದವರು, ಅವರ ಕಣ್ಣು ಮೊದಲು ಹೋಗಿದ್ದೇ ಅಲ್ಲಿಗೆ.

ನಕ್ಷತ್ರ ಆರಿರಲಿಲ್ಲ, ನಡುವೆ ಭೂಮಿ ಅಡ್ಡ ಬಂದಿತ್ತು ಅಂದೆ. ಉಪಗ್ರಹ ನಮ್ಮ ತಲೆ ಮೇಲೇ, ಐನೂರು ಆರುನೂರು ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿತ್ತು. ಪ್ರತಿ ಸುತ್ತಿನಲ್ಲೂ ಸುಮಾರು ಮೂರನೇ ಒಂದು ಭಾಗ ಭೂಮಿಯೇ ಮರೆ.

"ಅಲ್ಲಿ ನಡೀತಿರೋದಾದ್ರೂ ಏನು?"

ಹೇಳಿದೆ. ಸುಮಾರು 185 ಜ್ಯೋತಿರ್ವರ್ಷ ದೂರದಲ್ಲಿ ಒಂದು ಶ್ವೇತಕುಬ್ಜ, ಅಂದರೆ ಉರಿದು ಮುಗಿದ ನಕ್ಷತ್ರದ ಗಟ್ಟಿ ತಿರುಳು. ಗಾತ್ರ ಹೆಚ್ಚುಕಡಿಮೆ ಭೂಮಿಯಷ್ಟು, ತೂಕ ಮಾತ್ರ ಸೂರ್ಯನ ಮುಕ್ಕಾಲು ಪಾಲಿಗಿಂತ ಸ್ವಲ್ಪ ಜಾಸ್ತಿ. ಪಕ್ಕದಲ್ಲೇ ಸಣ್ಣದೊಂದು ಜೊತೆ ನಕ್ಷತ್ರ. ಅದರಿಂದ ಅನಿಲ ಇದರ ಕಡೆ ಹರಿಯುತ್ತದೆ. ಶ್ವೇತಕುಬ್ಜದ ಕಾಂತಬಲ ಆ ಅನಿಲವನ್ನು ಹಿಡಿದು ಧ್ರುವಗಳ ಕಡೆ ತಿರುಗಿಸುತ್ತದೆ. ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಬಿದ್ದದ್ದು ಮೇಲ್ಮೈಗೆ ತಲುಪುವ ಮೊದಲೇ ಆಘಾತ ತರಂಗಕ್ಕೆ ಸಿಕ್ಕಿ ಹತ್ತಿಪ್ಪತ್ತು ಕೋಟಿ ಡಿಗ್ರಿಗೆ ಕಾಯುತ್ತದೆ. ಎಕ್ಸ್‌ರೇ ಬರುವುದು ಅಲ್ಲಿಂದ. ಅದರಲ್ಲಿ ಕಬ್ಬಿಣದ ಮೂರು ಗೆರೆ ಅಕ್ಕಪಕ್ಕದಲ್ಲೇ ಕಾಣುತ್ತವೆ: 6.4, 6.7, 6.97 ಕೆವಿ (ಎಕ್ಸ್‌ರೇ ಶಕ್ತಿಯ ಅಳತೆ). ಕೊನೆಯ ಎರಡು ಆ ಕುದಿಯುವ ಅನಿಲದ್ದು. 6.4 ಮಾತ್ರ ತಣ್ಣಗಿನ ಕಬ್ಬಿಣದ್ದು. ಮೇಲಿಂದ ಬಿದ್ದ ಎಕ್ಸ್‌ರೇ ಶ್ವೇತಕುಬ್ಜದ ಮೈಗೆ ತಾಗಿದಾಗಲೂ ಅದು ಹೊರಡುತ್ತದೆ. ಅಷ್ಟು ದೂರದ ಒಂದು ಮೇಲ್ಮೈ ಹೀಗೆ ನಮಗೆ ಸಿಗುತ್ತದಲ್ವಾ, ಅದು ನನಗೆ ಇವತ್ತಿಗೂ ರೋಮಾಂಚನವೇ.

ಚಿಕ್ಕಪ್ಪ ಎಲ್ಲ ಕೇಳಿಸಿಕೊಂಡರು. ಆಮೇಲೆ ಮತ್ತೆ ಖಾಲಿ ಜಾಗದ ಮೇಲೆ ಬೆರಳಿಟ್ಟರು. "ಇಲ್ಲಿ ಏನಾಯ್ತು ಅಂತ ಹೇಗೆ ಬರೀತೀಯ?"

ಸಾಮಾನ್ಯವಾಗಿ ಉತ್ತರ ಸುಲಭ. ಜೋಡಿಯ ಸುತ್ತು ಮರುಕಳಿಸುತ್ತಲೇ ಇರುತ್ತದೆ. ಒಂದು ಸಲ ತಪ್ಪಿದ ಭಾಗ ಇನ್ನೊಂದು ಸಲ ಸಿಗುತ್ತದೆ, ಎಲ್ಲವನ್ನೂ ಒಂದರ ಮೇಲೊಂದು ಮಡಿಸಿದರೆ ಆಯಿತು. ಆದರೆ ಈ ಜೋಡಿ ಒಂದು ಸುತ್ತು ಮುಗಿಸುವುದು 98 ನಿಮಿಷಕ್ಕೆ. ಸುಜಾಕು ಭೂಮಿ ಸುತ್ತುತ್ತಿದ್ದದ್ದು ಸುಮಾರು 96 ನಿಮಿಷಕ್ಕೆ. ನಮ್ಮ ದೇಶದ ಉಪಗ್ರಹ ಆಸ್ಟ್ರೋಸ್ಯಾಟ್ ಇನ್ನೂ ಹತ್ತಿರ, ಅದೂ ಸುಮಾರು 98! ಅಂದರೆ ಇವತ್ತು ಮರೆಯಾದ ಭಾಗವೇ ಮುಂದಿನ ಸುತ್ತಿನಲ್ಲೂ ಮರೆ, ಅದರ ಮುಂದಿನದರಲ್ಲೂ ಮರೆ. ಶ್ವೇತಕುಬ್ಜ ತನ್ನ ಸುತ್ತ ತಿರುಗುವುದು 67 ನಿಮಿಷಕ್ಕೊಮ್ಮೆ. ಅಂಥ ಮೂರು ತಿರುಗು ಅಂದರೆ 201 ನಿಮಿಷ, ಜೋಡಿಯ ಎರಡು ಸುತ್ತು 196. ಅಲ್ಲೂ ಬೇಗ ಬಿಡಿಸಿಕೊಳ್ಳುವ ದಾರಿಯಿಲ್ಲ. ಪ್ರತಿ ಸುತ್ತಿಗೂ ಜೊತೆ ನಕ್ಷತ್ರ ಕೆಳಗಿನ ಧ್ರುವವನ್ನು ಕೆಲವೇ ನಿಮಿಷ ಮರೆಮಾಡುತ್ತದೆ. ಆ ಗ್ರಹಣ ಖಾಲಿ ಜಾಗದಲ್ಲಿ ಬಿದ್ದರೆ ಹೋಯಿತು. ಸತತ ಹಲವು ಸುತ್ತು ನೋಡಿದರೂ ಸಿಗುವುದಿಲ್ಲ.

"ಹಾಗಾದ್ರೆ ದೂರ ಹೋಗಿ ನೋಡಬೇಕು," ಅಂದರು.

ನಾಸಾದ ಎಕ್ಸ್‌ರೇ ದೂರದರ್ಶಕ ಚಂದ್ರಾ ಮಾಡಿದ್ದೇ ಅದು. ಅದರ ಕಕ್ಷೆ ಎಷ್ಟು ಉದ್ದ ಅಂದರೆ ಭೂಮಿ ಅಪರೂಪಕ್ಕೆ ಅಡ್ಡ ಬರುತ್ತದೆ. 2007ರ ಮೇ ತಿಂಗಳಲ್ಲಿ ಇದೇ ನಕ್ಷತ್ರವನ್ನು ಒಟ್ಟು ಐದು ಲಕ್ಷ ಸೆಕೆಂಡಿನಷ್ಟು ನೋಡಿತು.

ಅಮ್ಮ ಫೋನ್ ಮಾಡಿದ್ದಳು. ಮಂಡಿ ನೋವು ಹಾಗೇ ಇದೆಯಂತೆ, ಮೆಟ್ಟಿಲು ಹತ್ತಬೇಡ ಅಂದರೆ ಕೇಳುವುದಿಲ್ಲ. ಅಮಾವಾಸ್ಯೆ ದಿನ ರಾತ್ರಿ ಹೊರಗೆ ಹೋಗಬೇಡ ಅಂತ ನನಗೇ ಬುದ್ಧಿ ಹೇಳಿದಳು. ಸಿಟ್ಟೂ ಬಂತು, ಅಳುವೂ ಬಂತು. ಊರಿಗೆ ಹೋಗಬೇಕು.

ಟೆರೇಸಿಗೆ ಹೋದೆ ಆದರೂ. ಹಸ್ತ ನಕ್ಷತ್ರ ಚೆನ್ನಾಗಿ ಕಾಣುತ್ತಿತ್ತು. ಅದರ ಕೆಳಗೆ, ಸ್ವಲ್ಪ ಎಡಕ್ಕೆ ಇರಬೇಕು ಇಎಕ್ಸ್ ಹೈಡ್ರೆ. 13ನೇ ಕಾಂತಿಮಾನ, ಬರಿಗಣ್ಣಿಗೆ ಕಾಣುವಂಥದ್ದಲ್ಲ. ಚಿಕ್ಕಪ್ಪನಿಗೆ ಆ ಜಾಗ ತೋರಿಸಬೇಕಿತ್ತು, ಅಷ್ಟರಲ್ಲಿ ಮಲಗಿಬಿಟ್ಟಿದ್ದರು.

ಆಸ್ಟ್ರೋಸ್ಯಾಟ್‌ನಲ್ಲೇ ನೋಡೋದಾದರೆ ಮೊದಲು ದಿನ ಆರಿಸಬೇಕು. ಜೋಡಿಯ ಸುತ್ತಿಗೂ ಉಪಗ್ರಹದ ಸುತ್ತಿಗೂ ನಡುವಿನ ಆ ಚೂರು ವ್ಯತ್ಯಾಸ ದಿನಕ್ಕೆ ಹದಿನಾಲ್ಕು ಸಲ ಸೇರುತ್ತಾ ಹೋಗುತ್ತದೆ. ಹಾಗಾಗಿ ಗ್ರಹಣ ಮರೆಯಿಂದ ಹೊರಗೆ ಜಾರುವ ದಿನ ಇದ್ದೇ ಇರುತ್ತದೆ, ಕಕ್ಷೆಯ ಸರಿಯಾದ ಲೆಕ್ಕ ಹಿಡಿದು ಕೂತರೆ...