ವಾಗ್ದಾನದ ಕಾರ್ಡು, ಅಜ್ಜಿಯ ಸತ್ಯವೇದ

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ್ಮೇಲೆ ನಮ್ಮ ಚರ್ಚಿನ ಸಭೆಲಿ ತಟ್ಟೆ ತುಂಬ ವಾಗ್ದಾನದ ಕಾರ್ಡು, ಅಂದ್ರೆ ಸತ್ಯವೇದದ (ಬೈಬಲ್) ಒಂದೊಂದು ವಚನ ಇರೋ ಕಾರ್ಡು, ಇಟ್ಟಿರ್ತಾರೆ, ಪ್ರಾರ್ಥನೆ ಮಾಡಿ ಒಂದು ಎತ್ಕೊಳ್ಳೋದು, ವರ್ಷವಿಡೀ ಅದೇ ನಮ್ಮ ವಚನ. ನಮ್ಮನೆಯವ್ರ ಕೆಲ್ಸ ಹೋಗಿದ್ದ ವರ್ಷ ನಂಗೆ ಬಂದಿದ್ದು ಯೆರೆಮೀಯ 29:11, ಅಂದ್ರೆ ಪ್ರವಾದಿ ಯೆರೆಮೀಯನ ಪುಸ್ತಕದ 29ನೇ ಅಧ್ಯಾಯ, 11ನೇ ವಚನ. ದೇವರು ನಮ್ಮ ಬಗ್ಗೆ ಇಟ್ಕೊಂಡಿರೋದು ಹಿತದ ಯೋಚನೆ ಅನ್ನೋ ವಚನ. ಫ್ರಿಜ್ ಮೇಲೆ ಅಂಟಿಸ್ದೆ, ವಾಟ್ಸಾಪ್ ಸ್ಟೇಟಸ್ ಹಾಕ್ದೆ, ಮಾರ್ಚ್ ಅಷ್ಟೊತ್ತಿಗೆ ಕೆಲ್ಸ ಸಿಕ್ಕೇ ಸಿಗತ್ತೆ ಅಂತ ನಾನೇ ತೀರ್ಮಾನ ಮಾಡ್ಬಿಟ್ಟೆ. ಮಾರ್ಚ್ ಹೋಯ್ತು. ಜೂನಲ್ಲಿ ಸ್ಕೂಲ್ ಫೀಸಿಗೆ ಬಳೆ ಅಡ ಇಟ್ವಿ, ಆ ರಾತ್ರಿ ಕಾರ್ಡು ಕಿತ್ತು ಡ್ರಾಯರಿಗೆ ಹಾಕ್ದೆ. ದೇವರ ಮೇಲೆ ಸಿಟ್ಟು ಬಂದಿತ್ತು.

ಅಮ್ಮನಿಗೆ ಫೋನಲ್ಲಿ ಅತ್ಕೊಂಡು ಹೇಳಿದ್ರೆ ಅವ್ರು ಸಮಾಧಾನ ಮಾಡ್ಲಿಲ್ಲ, "ಆ ಅಧ್ಯಾಯ ಮೊದ್ಲಿಂದ ಓದಿದ್ಯೇನೇ?" ಅಂದ್ರು.

ಓದಿರ್ಲಿಲ್ಲ. ಕೂತ್ಕೊಂಡು ಓದ್ದೆ. ಬಾಬೆಲಿಗೆ (ಬ್ಯಾಬಿಲೋನ್) ಸೆರೆ ಹೋದ ಯೆಹೂದ್ಯರಿಗೆ ಯೆರೆಮೀಯ ಯೆರೂಸಲೇಮಿಂದ ಬರೆದ ಕಾಗದ ಅದು. ಅಲ್ಲೇ ಮನೆ ಕಟ್ಕೊಳ್ಳಿ, ತೋಟ ಮಾಡಿ ಅದರ ಹಣ್ಣು ತಿನ್ನಿ, ಮಕ್ಕಳಿಗೆ ಮದ್ವೆ ಮಾಡಿ, ಆ ಊರಿಗೋಸ್ಕರ ಪ್ರಾರ್ಥನೆ ಮಾಡಿ ಅಂತ ಇದೆ. ನನ್ನ ವಚನದ ಹಿಂದಿನ ವಚನದಲ್ಲೇ, 29:10ರಲ್ಲಿ, 70 ವರ್ಷ ಆದ್ಮೇಲೆ ವಾಪಸ್ ಕರ್ಕೊಂಡು ಬರ್ತೀನಿ ಅಂತ. 70 ವರ್ಷ! ಆ ಕಾಗದ ಕೇಳಿಸ್ಕೊಂಡ ದೊಡ್ಡವ್ರಲ್ಲಿ ಎಷ್ಟೋ ಜನ ಬಾಬೆಲಲ್ಲೇ ಮಣ್ಣಾದ್ರು, ಆದ್ರೂ ಹಿತದ ಯೋಚನೆ ಅನ್ನೋ ಮಾತು ಅವ್ರಿಗೂ ಸೇರಿದ್ದೇ. 28ನೇ ಅಧ್ಯಾಯದಲ್ಲಿ ಹನನ್ಯ ಅನ್ನೋ ಸುಳ್ಳು ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲಾ ಸರಿಹೋಗತ್ತೆ ಅಂತಾನೆ. ಹನನ್ಯ ಹೇಳೋ ಮಾತು ನಂಗೆ ಬೇಕಿತ್ತು, ಆದ್ರೆ ಯೆರೆಮೀಯನ ಬಾಯಿಂದ ಬೇಕಿತ್ತು.

ಹಾಗೇ ಮುಂದೆ ಓದ್ತಾ 36ನೇ ಅಧ್ಯಾಯಕ್ಕೆ ಬಂದಾಗ ಕೈ ನಿಂತೋಯ್ತು. ಚಳಿಗಾಲ, ಅರಸ ಯೆಹೋಯಾಕೀಮ ಬೆಂಕಿ ಮುಂದೆ ಕೂತಿದಾನೆ, ಯೆರೆಮೀಯ ಹೇಳಿದ್ದನ್ನ ಬಾರೂಕ ಬರ್ಕೊಂಡ ಸುರುಳಿನ ಒಬ್ಬ ಓದ್ತಿದಾನೆ, ಮೂರ್ನಾಲ್ಕು ಅಂಕಣ ಓದಿ ಆಗ್ತಿದ್ದ ಹಾಗೆ ಅರಸ ಅಷ್ಟನ್ನ ಚಾಕುವಿಂದ ಕುಯ್ದು ಬೆಂಕಿಗೆ ಹಾಕ್ತಾನೆ, ಹಿಂಗೇ ಇಡೀ ಸುರುಳಿ. ಇವನ ಅಪ್ಪ ಯೋಷೀಯ, ದೇವಾಲಯದಲ್ಲಿ ಸಿಕ್ಕ ಧರ್ಮಶಾಸ್ತ್ರದ ಗ್ರಂಥ ಓದಿದ್ದು ಕೇಳಿ ದುಃಖದಿಂದ ಮೈಮೇಲಿನ ಬಟ್ಟೆನೇ ಹರ್ಕೊಂಡಿದ್ದ (2 ಅರಸುಗಳು 22). ಅಪ್ಪ ಬಟ್ಟೆ ಹರ್ಕೊಂಡ, ಮಗ ವಾಕ್ಯ ಹರಿದ. ಬೇಡದ್ದನ್ನ ಕುಯ್ದು ಎಸೆಯೋದಕ್ಕೂ, ಇಷ್ಟವಾದ ಒಂದು ವಚನ ಮಾತ್ರ ಕುಯ್ದು ಇಟ್ಕೊಂಡು ಮಿಕ್ಕಿದ್ದನ್ನ ತೆರೆದೂ ನೋಡದೆ ಇರೋದಕ್ಕೂ ಎಷ್ಟು ದೂರ ಅಂತ ಅವತ್ತು ತುಂಬಾ ಹೊತ್ತು ಯೋಚ್ನೆ ಮಾಡ್ದೆ.

ಆಗ ನೆನಪಾಗಿದ್ದು ಬಳ್ಳಾರಿ ಅಜ್ಜಿ. ನಾಲ್ಕನೇ ಕ್ಲಾಸು ಓದಿದ್ದ ಹೆಂಗಸು. ಸಂಜೆ ಕೈಕಾಲು ತೊಳ್ಕೊಂಡು, ತಲೆ ಮೇಲೆ ಸೆರಗು ಹಾಕ್ಕೊಂಡು, ಬಿಳಿ ಬಟ್ಟೆಲಿ ಸುತ್ತಿಟ್ಟ ಸತ್ಯವೇದ ಬಿಚ್ಚೋರು. ಗುರುತಿಗೆ ಯಾರದೋ ಮದುವೆ ಪತ್ರಿಕೆಯ ತುಂಡು. ಸಾಲಿನ ಕೆಳಗೆ ಬೆರಳಿಟ್ಟು ಜೋರಾಗಿ ಓದೋರು, ಹಾಳೆಗಳ ಅಂಚು ಬೆರಳಿನ ಜಿಡ್ಡಿಗೆ ಕಪ್ಪಾಗಿತ್ತು. 1 ಪೂರ್ವಕಾಲವೃತ್ತಾಂತದ ಮೊದಲ ಒಂಬತ್ತು ಅಧ್ಯಾಯ ಬರೀ ಹೆಸರುಗಳೇ ಅಲ್ವಾ, ಅದನ್ನೂ ಬಿಡ್ತಿರ್ಲಿಲ್ಲ. "ಇದನ್ನೆಲ್ಲ ಯಾಕೆ ಓದ್ತೀಯಜ್ಜಿ" ಅಂದ್ರೆ "ದೇವ್ರು ಬರೆಸಿದ್ದನ್ನ ಬಿಡಾಕ ನಾನ್ಯಾರವ್ವ" ಅನ್ನೋರು.

ಅದೇ ಬಳ್ಳಾರಿಗೆ 1810ರಲ್ಲಿ ಜಾನ್ ಹ್ಯಾಂಡ್ಸ್ ಅನ್ನೋ ಮಿಷನರಿ ಬಂದು, ಕನ್ನಡ ಕಲ್ತು, ಪೂರ್ತಿ ಸತ್ಯವೇದ ಕನ್ನಡಕ್ಕೆ ಬರೋ ಹೊತ್ತಿಗೆ ಸುಮಾರು 20 ವರ್ಷ ಹಿಡೀತು. ನನ್ನ ಫೋನಲ್ಲಿ ಅದು ಒಂದು ಆ್ಯಪ್, ಓದೋವಾಗ್ಲೇ ಮೇಲಿಂದ ಮೆಸೇಜು ಇಳೀತಿರತ್ತೆ.

ಈಗ ಮನೇಲಿ ರಾತ್ರಿ ಎಂಟಕ್ಕೆ ಫೋನುಗಳೆಲ್ಲ ಅಡುಗೆಮನೇಲಿ, ಪುಸ್ತಕ ಹಾಲಲ್ಲಿ, ದಿನಾ ಒಂದೇ ಅಧ್ಯಾಯ, ಆದ್ರೆ ಪೂರ್ತಿ. ಅರ್ಥ ಆಗದೇ ಇದ್ರೆ ಆಗ್ಲಿಲ್ಲ ಅಂತ ಹೇಳ್ಕೊಂಡೇ ಪ್ರಾರ್ಥನೆ ಮಾಡ್ತೀವಿ. ನಮ್ಮನೆಯವ್ರಿಗೆ ಮುಂದಿನ ವರ್ಷ ಕೆಲ್ಸ ಸಿಕ್ತು, ಮುಂಚಿನಷ್ಟು ಸಂಬಳ ಇಲ್ಲ. ಕಾರ್ಡು ವಾಪಸ್ ಫ್ರಿಜ್ ಮೇಲಿದೆ, ಅದರ ಕೆಳಗೆ 29:10ನ ನಾನೇ ಪೆನ್ನಲ್ಲಿ ಬರ್ದಿದೀನಿ. ನಿನ್ನೆ ಮಗನ ಸರದಿ, ಹೆಸರುಗಳ ಅಧ್ಯಾಯವೇ ಬಂತು, ಎರಡು ಹೆಸರು ಹಾರಿಸ್ದ. ಬೆರಳು ಹಿಂದಕ್ಕೆ ತಗೊಂಡೋಗಿ ಇಟ್ಟೆ, ತಡವರಿಸ್ಕೊಂಡು ಮತ್ತೆ ಓದ್ದ.